ಮೀನಿರುವ ಕೊಳದಲ್ಲಿ ಕಪ್ಪೆ ಮೊಟ್ಟೆ ಇಟ್ಟರೆ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ:
ನಮ್ಮ ಕೈತೋಟದ ಕೊಳದಲ್ಲಿ ಏಳು ಗೋಲ್ಡ್‌ಫಿಶ್‌ಗಳಿವೆ. ಮೊನ್ನೆ ಮಳೆ ಬಿದ್ದ ರಾತ್ರಿಯಿಡೀ ಕಪ್ಪೆಗಳು ವಟಗುಟ್ಟಿದವು. ಬೆಳಿಗ್ಗೆ ನೋಡಿದರೆ ಅಂಚಿನ ಗಿಡಗಳ ನಡುವೆ ಲೋಳೆಯ ಮುದ್ದೆಯೊಂದು ತೇಲುತ್ತಿತ್ತು. ಅದರ ತುಂಬ ಸಾಸಿವೆಯಂಥ ಕಪ್ಪು ಚುಕ್ಕೆಗಳು. ಸಂಜೆಯ ಹೊತ್ತಿಗೆ ಮೀನುಗಳು ಅದರ ಒಂದು ಬದಿಯನ್ನು ಕಿತ್ತು ತಿಂದಿದ್ದವು. ಮೀನುಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಕಪ್ಪೆಗಳ ಸಂತಾನವೂ ಉಳಿಯಬೇಕು. ಏನು ಮಾಡಲಿ?

ಉತ್ತರ 1:
ಬೆಳೆದ ಕಪ್ಪೆಗೂ ಗೋಲ್ಡ್‌ಫಿಶ್‌ಗೂ ಸಾಮಾನ್ಯವಾಗಿ ತಂಟೆಯಿಲ್ಲ. ಹೆಚ್ಚಿನ ಅಪಾಯವಿರುವುದು ಆಗತಾನೆ ಮೊಟ್ಟೆಯೊಡೆದ ಗೊದಮೊಟ್ಟೆಗಳಿಗೆ, ಏಕೆಂದರೆ ಮೊದಲ ಕೆಲವು ದಿನ ಅವು ಸರಿಯಾಗಿ ಈಜಲಾರದೆ ಗಿಡಕ್ಕೋ ಲೋಳೆಗೋ ಅಂಟಿಕೊಂಡೇ ಇರುತ್ತವೆ. ಉಳಿದಿರುವ ಮುದ್ದೆಯಲ್ಲಿ ಒಂದು ಪಾಲನ್ನು ಅಗಲವಾದ ತೊಟ್ಟಿಗೆ ವರ್ಗಾಯಿಸಿ, ಅದನ್ನು ನೆರಳಿನಲ್ಲಿಡಿ. ತೊಟ್ಟಿಗೆ ಕೊಳದ ನೀರನ್ನೇ ತುಂಬಿ. ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಅವುಗಳಿಗೆ ವಿಷ. ಬೆಳ್ಳಗಾಗಿ ಬೂಸ್ಟು ಹಿಡಿದ ಮೊಟ್ಟೆಗಳನ್ನು ತೆಗೆದುಹಾಕಿ. ಆಹಾರಕ್ಕೆ ಮೊದಲಿಗೆ ಪಾಚಿಯೇ ಸಾಕು. ಆಮೇಲೆ ಬೇಯಿಸಿದ ಸೊಪ್ಪನ್ನು ಚಿಟಿಕೆಯಷ್ಟು ಹಾಕಬಹುದು, ಹೆಚ್ಚಾದರೆ ನೀರು ಕೆಡುತ್ತದೆ.

ಮುಂಗಾಲು ಮೂಡುವ ಹೊತ್ತಿಗೆ ಅವು ಕಿವಿರು ಬಿಟ್ಟು ಗಾಳಿಯನ್ನು ಉಸಿರಾಡತೊಡಗುತ್ತವೆ. ಆಗ ನೀರಿನಿಂದ ಹತ್ತಿ ಬರಲು ಇಳಿಜಾರಾದ ಕಲ್ಲೊಂದು ಇರಲೇಬೇಕು. ಮೊದಲ ವರ್ಷ ನಾನು ಅದನ್ನು ಇಡಲು ಮರೆತಿದ್ದೆ. ಉಗುರಿನಷ್ಟು ದೊಡ್ಡ ಮರಿಗಳು ನುಣುಪಾದ ಗೋಡೆ ಹತ್ತಲಾರದೆ ಮುಳುಗಿ ಸತ್ತದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಉತ್ತರ 2:
ತೊಟ್ಟಿಯ ಉಪಾಯ ಈ ಸಲಕ್ಕೆ ಸರಿ, ಆದರೆ ಕೊಳವನ್ನೇ ತಿದ್ದುವುದು ಮೇಲೆಂದು ನನ್ನ ಅಭಿಪ್ರಾಯ. ಒಂದು ಮೂಲೆಯಲ್ಲಿ ಗೇಣುದ್ದಕ್ಕಿಂತ ಕಡಿಮೆ ಆಳದ ಜಾಗ ಮಾಡಿ, ನೀರುಗಿಡಗಳನ್ನು ಒತ್ತಾಗಿ ನೆಟ್ಟು, ಗೊದಮೊಟ್ಟೆ ನುಸುಳುವ ಆದರೆ ಮೀನು ದಾಟಲಾಗದ ಸಂದುಗಳಿರುವಂತೆ ಕಲ್ಲುಗಳನ್ನು ಅಡ್ಡ ಜೋಡಿಸಿ. ಪಂಪು ಇದ್ದರೆ ನೀರೆಳೆಯುವ ಬಾಯಿಗೆ ಸ್ಪಂಜು ಕಟ್ಟಿ. ಮೊಟ್ಟೆಗಳು ಮುದ್ದೆಯಾಗಿರದೆ ಉದ್ದನೆಯ ಸರದಂತಿದ್ದರೆ ಅವು ಬಹುಶಃ ನೆಲಗಪ್ಪೆಯವು. ಅವುಗಳ ಗೊದಮೊಟ್ಟೆಗಳು ಬಾಯಿಗೆ ರುಚಿಸದ ಕಾರಣ ಹಲವು ಮೀನುಗಳು ಮುಟ್ಟುವುದಿಲ್ಲ.

ಬೇರೆ ಕೊಳದಿಂದ ಮೊಟ್ಟೆಗಳನ್ನು ಮಾತ್ರ ದಯವಿಟ್ಟು ತರಬೇಡಿ. 1999ರಲ್ಲಿ ವಿಜ್ಞಾನಿಗಳು ಹೆಸರಿಟ್ಟು ವಿವರಿಸಿದ ಕೈಟ್ರಿಡ್ ಶಿಲೀಂಧ್ರವು ನೀರಿನ ಮೂಲಕವೂ ಹರಡುತ್ತದೆ, ಮತ್ತು ಅದು ಹಲವು ಕಪ್ಪೆ ಪ್ರಭೇದಗಳನ್ನೇ ಅಳಿಸಿಹಾಕಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಅರ್ಧ ಮುದ್ದೆಯನ್ನು ತೊಟ್ಟಿಗೆ ಹಾಕಿದ್ದೇನೆ, ಕಲ್ಲನ್ನೂ ಇಟ್ಟಿದ್ದೇನೆ. ಮರಿಗಳನ್ನು ಮತ್ತೆ ಕೊಳಕ್ಕೆ ಬಿಡುವುದು ಯಾವಾಗ?

ಉತ್ತರ 1:
ನೀರಿಗೆ ಬಿಡಬೇಡಿ. ಬಾಲ ಬಹುತೇಕ ಕರಗಿದ ಮೇಲೆ, ಸಂಜೆಯ ತಂಪಿನಲ್ಲಿ, ಕೊಳದ ಪಕ್ಕದ ಒದ್ದೆ ಹುಲ್ಲಿನಲ್ಲಿ ಬಿಡಿ.