ಮೂರು ಎಐ ‘ಡಾಕ್ಟರ್’ ಕೂಡಿ ಒಂದೇ ತಪ್ಪಿಗೆ ಹೂಂ ಅಂತಾವ, ಏನ್ ಮಾಡೂದು?

ಪ್ರಶ್ನೆ | ವಿದ್ಯಾನಗರ, ಹುಬ್ಬಳ್ಳಿ
ಒಂದೇ ಮಾಡೆಲ್‌ಗೆ ಮೂರು ವೇಷ: ಫಿಜಿಶಿಯನ್, ಹೃದ್ರೋಗ ತಜ್ಞ, ಹೊಟ್ಟಿ ಡಾಕ್ಟರ್. ಮೂರು ಸುತ್ತು ಚರ್ಚೆ, ಕಡೀಕ ಒಂದು ಸಾರಾಂಶ, ಒಟ್ಟು 10 ಕಾಲ್ (ಮಾಡೆಲ್‌ಗೆ 10 ಸಲ ಕೇಳೂದು). ಪರೀಕ್ಷೆಗೆ ಕಟ್ಟಿದ ಕೇಸು: 58 ವರ್ಷದ ಹೆಣ್ಮಗಳು, ಶುಗರ್ ಐತಿ, ‘ಮುಂಜಾನಿಂದ ಎದಿ ಉರಿ, ಸಂಕಟ, ಮೈಯೆಲ್ಲಾ ಬೆವರು’. ಮೊದಲನೇದು ಆಸಿಡಿಟಿ ಅಂದ್ರ ಉಳಿದೆರಡೂ ಹೂಂ. ಸುತ್ತು ಐದಕ್ಕ ಏರಿಸಿದ್ರೂ ಅದ ಹಾಡು.

ಉತ್ತರ | ಬೆಟಗೇರಿ
ಸಾಲಾಗಿ ಮಾತಾಡಸ್ತೀರಿ, ಅದಕ್ಕ. ಎರಡನೇದು ಬಾಯಿ ಬಿಡೂ ಮೊದಲ ಮೊದಲನೇದರ ಉತ್ತರ ಅದರ ಕಣ್ಣ ಮುಂದ ಇರತೈತಿ. ಮೊದಲ ಸುತ್ತು ಮೂರೂ ಬ್ಯಾರೆ ಬ್ಯಾರೆ ನಡೀಲಿ, ಯಾವದಕ್ಕೂ ಇನ್ನೊಂದರದ್ದು ಕಾಣಬಾರದು. ಪ್ರತಿಯೊಂದೂ ಮೂರು ಸಾಧ್ಯತೆ, ಒಂದೊಂದಕ್ಕೂ ಪರವಾದ ಲಕ್ಷಣ, ವಿರುದ್ಧವಾದ ಲಕ್ಷಣ ಬರೀಲಿ. ಎರಡನೇ ಸುತ್ತಿಗೆ ಅದಲಾಬದಲಿ ಮಾಡ್ರಿ, ಆದರ ಯಾರ ಉತ್ತರ ಅನ್ನೂದು ಕಾಣಸಬ್ಯಾಡ್ರಿ. ‘ಹೃದ್ರೋಗ ತಜ್ಞ’ ಅನ್ನೂ ಹೆಸರಿಗೇ ಉಳಿದವು ಬಗ್ಗತಾವ. ಅಭಿಪ್ರಾಯ ಬದಲಿಸಿದ್ರ ಕೇಸಿನ ಯಾವ ಸಾಲಿನಿಂದ ಬದಲಾತು ಅಂತ ತೋರಿಸಬೇಕು, ಇಲ್ಲಂದ್ರ ಹಳೇದ ಲೆಕ್ಕಕ್ಕ.

ಒಂದಕ್ಕ ರೋಗ ಹೆಸರಿಸೂ ಕೆಲಸಾನ ಬ್ಯಾಡ. ‘ತಪ್ಪಿದ್ರ ಜೀವ ಹೋಗೂದು ಯಾವದು?’ ಇಷ್ಟ ಕೇಳ್ರಿ. ನಿಮ್ಮ ಕೇಸಿನ್ಯಾಗ ಅದು ಹಾರ್ಟ್ ಅಟ್ಯಾಕ್. ಶುಗರ್ ಇದ್ದವರಿಗೆ ಎದಿನೋವು ಇಲ್ಲದನೂ ಬರತೈತಿ. ದವಾಖಾನಿಗೆ ಬಂದ 10 ನಿಮಿಷದಾಗ ಇಸಿಜಿ ಆಗಬೇಕು. ಆ ಸಾಲು ಸಾರಾಂಶದಾಗ ಬಹುಮತಕ್ಕ ಬಿದ್ದು ಹೋಗಬಾರದು.

ಉತ್ತರ | ಸಪ್ತಾಪುರ, ಧಾರವಾಡ
ನಡುವ ಇಂಗ್ಲಿಷ್ ಅನುವಾದ ಐತೇನು ನೋಡ್ರಿ. ‘ಎದಿ ಉರಿ’ ಹಾರ್ಟ್‌ಬರ್ನ್ ಆತಂದ್ರ ರೋಗ ಅಲ್ಲೇ ತೀರ್ಮಾನ ಆದಂಗ. ‘ಸಂಕಟ’ ದುಃಖ ಆಗಿ ಕುಂದ್ರತೈತಿ. ಪೇಶೆಂಟ್ ಅಂದ ಮಾತು ಅನುವಾದದ ಜೋಡಿ ಹಂಗ ಹೋಗಲಿ.

ಉತ್ತರ | ರಾಣೆಬೆನ್ನೂರು
ಮೊದಲ ಇದನ್ನ ಅಳೀರಿ: ಅದ 10 ಕಾಲ್‌ನ್ಯಾಗ ಒಂದ ಮಾಡೆಲ್‌ಗೆ ಚರ್ಚೆ ಇಲ್ಲದ 10 ಸಲ ಕೇಳಿ ಬಹುಮತ ತಗೋರಿ. ನಿಮ್ಮ ಮಂಡಳಿ ಅದನ್ನ ಸೋಲಿಸದಿದ್ರ ವೇಷ ಖರ್ಚಿಗಷ್ಟ. ಒಂದ ಮಾಡೆಲ್ಲಿನ ಕುರುಡು ಮೂರು ವೇಷಕ್ಕೂ ಒಂದೇ. ಒಂದನ್ನರ ಬ್ಯಾರೆ ಕಂಪನಿದು ಹಾಕ್ರಿ.

2025ರಾಗ ಮೈಕ್ರೋಸಾಫ್ಟ್ 304 ಕಠಿಣ ಕೇಸಿನ ಮ್ಯಾಲೆ ಐದು ಪಾತ್ರದ ಎಐ ವ್ಯವಸ್ಥೆ ನಡಿಸ್ತು. ಓಪನ್‌ಎಐನ ಓ3 ಮಾಡೆಲ್ ಜೋಡಿ 85.5% ಸರಿ, ಡಾಕ್ಟರ್‌ಗಳ ಸರಾಸರಿ 20%. ಆದರ ಆ ಡಾಕ್ಟರ್‌ಗಳಿಗೆ ಪುಸ್ತಕ, ಹುಡುಕಾಟ ಎರಡೂ ಬಂದ್ ಇದ್ದವು. ಅಂಕಿ ನೋಡಿ ಹಿಗ್ಗಬ್ಯಾಡ್ರಿ. ಕಲಿಯೂದು ಬ್ಯಾರೆ ಐತಿ: ಕೇಸು ಪೂರ್ತಿ ಮೊದಲ ಕೊಡಲಿಲ್ಲ, ಕೇಳಿದಷ್ಟ ಮಾಹಿತಿ ಬಿಟ್ರು, ಪ್ರತಿ ಟೆಸ್ಟಿಗೂ ಖರ್ಚು ಹಚ್ಚಿದ್ರು.

ಪ್ರಶ್ನೆ ಕೇಳಿದವರು
ಮೊದಲ ಸುತ್ತು ಬ್ಯಾರೆ ಮಾಡಿದೆ. ಈಗ 2–1 ಬರತೈತಿ. ಯಾವದನ್ನ ನಂಬೂದು?

ಬೆಟಗೇರಿ
ಯಾವದನ್ನೂ ಅಲ್ರಿ. 2–1 ಬಂದ್ರ ಮೂರೂ ಉತ್ತರ ಹಂಗ ಡಾಕ್ಟರ್ ಮುಂದ ಇಡ್ರಿ, ಒಂದಾಗಿಸಬ್ಯಾಡ್ರಿ.