ಸ್ಯಾನ್ ಹೊಸೆಯಲ್ಲಿ ಮಗಳು, ಶಿವಮೊಗ್ಗದಲ್ಲಿ ನಾವು: ಹೊತ್ತು ಹೊಂದಿಸುವುದು ಹೇಗೆ?

ಪ್ರಶ್ನೆ (ಶಿವಮೊಗ್ಗದಿಂದ)

ಮಗಳು, ಅಳಿಯ, ಮೂರು ವರ್ಷದ ಮೊಮ್ಮಗ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದರು. ದಿನಾ ರಾತ್ರಿ 9ಕ್ಕೆ ವಿಡಿಯೋ ಕಾಲ್ ಮಾಡುತ್ತೇವೆ. ಆಗ ಅಲ್ಲಿ ಬೆಳಿಗ್ಗೆ 8.30. ನವೆಂಬರ್‌ನಲ್ಲಿ ಇದು ಬದಲಾಗುತ್ತದಂತೆ. ಯುಗಾದಿ ಯಾವ ದಿನ ಮಾಡಬೇಕು ಅಂತಲೂ ಮಗಳು ಕೇಳುತ್ತಿದ್ದಾಳೆ. ಮೇ ತಿಂಗಳಲ್ಲಿ ಮನೆಯಲ್ಲೊಂದು ಮದುವೆ ಬೇರೆ ಇದೆ, ಅವರು ಅಲ್ಲಿಂದಲೇ ನೋಡಬೇಕು. ಅನುಭವ ಇರುವವರು ದಯವಿಟ್ಟು ತಿಳಿಸಿ.

ಸನಿವೇಲ್‌ನಿಂದ

ಅಮ್ಮಾ, ನಾನು ನಿಮ್ಮ ಮಗಳ ಪಕ್ಕದ ಊರಿನಲ್ಲೇ ಇದ್ದೇನೆ. ಅಪ್ಪ ಅಮ್ಮ ಹಾಸನದಲ್ಲಿದ್ದಾರೆ.

ನಮ್ಮ ದೇಶದ ಗಡಿಯಾರ ವರ್ಷವಿಡೀ ಒಂದೇ. ಬದಲಾಗುವುದು ಇಲ್ಲಿಯದು. ಮಾರ್ಚ್ ಎರಡನೇ ಭಾನುವಾರ ಒಂದು ಗಂಟೆ ಮುಂದೆ ಇಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದೆ ಇಡುತ್ತಾರೆ. ಹಾಗಾಗಿ ಬೇಸಿಗೆಯಲ್ಲಿ ನಾವು ನಿಮಗಿಂತ ಹನ್ನೆರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಹಿಂದೆ. ಬೇಸಿಗೆಯಲ್ಲಿ ಲೆಕ್ಕ ಸುಲಭ. ನಿಮ್ಮ ಹೊತ್ತಿನಲ್ಲಿ ಅರ್ಧ ಗಂಟೆ ಕಳೆದು ರಾತ್ರಿಯನ್ನು ಬೆಳಿಗ್ಗೆ ಮಾಡಿಕೊಂಡರೆ ಆಯಿತು. ಚಳಿಗಾಲದಲ್ಲಿ ಒಂದೂವರೆ ಗಂಟೆ ಕಳೆಯಿರಿ.

ಅಂದರೆ ನವೆಂಬರ್‌ನಿಂದ ನಿಮ್ಮ ರಾತ್ರಿ 9 ಇಲ್ಲಿ 7.30. ಮಗುವಿಗೆ ಹಲ್ಲುಜ್ಜಿಸಿ, ತಿಂಡಿ ತಿನ್ನಿಸಿ, ಶೂ ಹಾಕಿ ಡೇಕೇರ್‌ಗೆ ಹೊರಡಿಸುವ ಹೊತ್ತು ಅದು. ಫೋನ್ ಹಿಡಿಯುವವರು ಯಾರು ಹೇಳಿ? 8.30ಕ್ಕೇ ಇರಲಿ ಅಂದರೆ ನೀವು ರಾತ್ರಿ 10ರ ತನಕ ಕೂರಬೇಕು. ಚಳಿಗಾಲದಲ್ಲಿ ನಿಮ್ಮ ಬೆಳಿಗ್ಗೆ 7 ಗಂಟೆಗೆ ಬದಲಿಸಿ ನೋಡಿ. ಇಲ್ಲಿ ಹಿಂದಿನ ದಿನ ಸಂಜೆ 5.30. ಮಗು ಮನೆಗೆ ಬಂದಿರುತ್ತದೆ, ಆಟದ ಗುಂಗಿನಲ್ಲಿರುತ್ತದೆ, ಅಜ್ಜಿ ಜೊತೆ ಮಾತಾಡಲು ಪುರುಸೊತ್ತು ಇರುತ್ತದೆ. ಒಟ್ಟಿನಲ್ಲಿ ಮಗುವಿನ ಗಡಿಯಾರ ಹಿಡಿಯಿರಿ, ದೊಡ್ಡವರು ಹೊಂದಿಕೊಳ್ಳಬಹುದು. ಇನ್ನೊಂದು ಮಾತು, ನಿಮ್ಮ ಸೋಮವಾರ ಬೆಳಿಗ್ಗೆ ಅಂದರೆ ಇಲ್ಲಿ ಇನ್ನೂ ಭಾನುವಾರ ಸಂಜೆ. ಆ ಒಂದು ಕಾಲ್ ತಪ್ಪಿಸಬೇಡಿ. ಇಡೀ ಮನೆ ಬಿಡುವಾಗಿರುತ್ತದೆ.

ಮದುವೆಗೆ ಕರೆಯುವಾಗ ಊರು, ವಾರ, ಗಂಟೆ ಮೂರನ್ನೂ ಎರಡೂ ಕಡೆಗೆ ಬರೆದು ಕಳಿಸಿ. ಭಾನುವಾರ ಬೆಳಿಗ್ಗೆ 10.45ಕ್ಕೆ ಮುಹೂರ್ತ ಅಂದರೆ ಮೇ ತಿಂಗಳಲ್ಲಿ ಇಲ್ಲಿ ಶನಿವಾರ ರಾತ್ರಿ 10.15. ಸುಮ್ನೆ ‘ಭಾನುವಾರ ಬೆಳಿಗ್ಗೆ’ ಅಂದರೆ ಇವರು ಇಲ್ಲಿಯ ಭಾನುವಾರ ಎದ್ದು ಲಿಂಕ್ ತೆರೆಯುತ್ತಾರೆ. ಅಷ್ಟರಲ್ಲಿ ಛತ್ರವೇ ಖಾಲಿಯಾಗಿರುತ್ತದೆ.

ಮೈಸೂರಿನಿಂದ

ಯುಗಾದಿ ಬಗ್ಗೆ ಹೇಳುತ್ತೇನೆ ಮೇಡಂ. ನಮ್ಮ ಮನೆಗಳಲ್ಲಿರುವ ಒಂಟಿಕೊಪ್ಪಲ್ ಪಂಚಾಂಗದ ವೇಳೆ ಇಲ್ಲಿನದು. ತಿಥಿ ಶುರುವಾಗುವ ಕ್ಷಣ ಲೋಕಕ್ಕೆಲ್ಲ ಒಂದೇ. ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿದರೆ ಒಂದು ತಿಥಿ ಮುಗಿಯಿತು. ಆದರೆ ಹಬ್ಬದ ದಿನ ಗೊತ್ತುಮಾಡುವುದು ಆಯಾ ಊರಿನ ಸೂರ್ಯೋದಯ.

ಪಾಡ್ಯ ನಮಗೆ ಮಂಗಳವಾರ ಬೆಳಿಗ್ಗೆ 10ಕ್ಕೆ ಬಂದು ಬುಧವಾರ 9ಕ್ಕೆ ಮುಗಿಯಿತು ಅಂದುಕೊಳ್ಳಿ. ನಮಗೆ ಸೂರ್ಯೋದಯಕ್ಕೆ ಪಾಡ್ಯ ಸಿಗುವುದು ಬುಧವಾರ, ಅವತ್ತೇ ಯುಗಾದಿ. ಅದೇ ತಿಥಿ ಕ್ಯಾಲಿಫೋರ್ನಿಯಾದಲ್ಲಿ ಸೋಮವಾರ ರಾತ್ರಿ 9.30ಕ್ಕೆ ಬಂದು ಮಂಗಳವಾರ ರಾತ್ರಿ 8.30ಕ್ಕೆ ಹೋಗಿಬಿಡುತ್ತದೆ. ಅವರಿಗೆ ಮಂಗಳವಾರವೇ ಹಬ್ಬ. ಎಲ್ಲಾ ವರ್ಷವೂ ಹೀಗಾಗುವುದಿಲ್ಲ, ಆದರೆ ಆದಾಗ ಇಬ್ಬರದೂ ಸರಿಯೇ. ಮಗಳು ಅಲ್ಲಿನ ದೇವಸ್ಥಾನದ ಕ್ಯಾಲೆಂಡರ್ ನೋಡಿದರೆ ಸಾಕು, ಲಿವರ್‌ಮೋರ್‌ನಲ್ಲಿ ಶಿವ ವಿಷ್ಣು ದೇವಸ್ಥಾನ ಇದೆ. ರಾಹುಕಾಲವೂ ಅಷ್ಟೇ. ಸೋಮವಾರ 7.30ರಿಂದ 9 ಅನ್ನುವುದು 6ಕ್ಕೆ ಹುಟ್ಟಿ 6ಕ್ಕೆ ಮುಳುಗುವ ಸೂರ್ಯನ ಲೆಕ್ಕ. ಅಲ್ಲಿ ಬೇಸಿಗೆಯ ಹಗಲು 14 ಗಂಟೆಗೂ ಜಾಸ್ತಿ.

ಮೆಲ್ಬರ್ನ್‌ನಿಂದ

ಮಗುವಿನ ಗಡಿಯಾರ ಹಿಡಿಯಿರಿ ಅಂದಿದ್ದು ಎರಡು ಮನೆಗೆ ಸರಿ. ಮೂರು ದೇಶ ಸೇರಿದರೆ ಭಾರತದ ಗಂಟೆಯನ್ನೇ ಹಿಡಿಯಿರಿ, ಅದೊಂದೇ ಅಲ್ವಾ ಬದಲಾಗದಿರುವುದು? ನಮ್ಮಣ್ಣ ಲಂಡನ್‌ನಲ್ಲಿ, ಅಮ್ಮ ದಾವಣಗೆರೆಯಲ್ಲಿ. ಲಂಡನ್ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೇ ಭಾನುವಾರ. ನಮ್ಮದು ಏಪ್ರಿಲ್ ಮತ್ತು ಅಕ್ಟೋಬರ್‌ನ ಮೊದಲ ಭಾನುವಾರ, ಅದೂ ಉಲ್ಟಾ. ನಾವು ಭಾರತದ ಭಾನುವಾರ ಮಧ್ಯಾಹ್ನ 1.30 ಅಂತ ಇಟ್ಟುಕೊಂಡಿದ್ದೇವೆ. ಅಣ್ಣನಿಗೆ ಬೆಳಿಗ್ಗೆ 8 ಅಥವಾ 9, ನನಗೆ ಸಂಜೆ 6 ಅಥವಾ 7. ಅಮ್ಮನಿಗೆ ಏನೂ ಬದಲಾಗುವುದಿಲ್ಲ.

ಫೋನ್‌ನ ವರ್ಲ್ಡ್ ಕ್ಲಾಕ್‌ಗೆ ಸ್ಯಾನ್ ಹೊಸೆ ಸೇರಿಸಿಕೊಳ್ಳಿ ಮೇಡಂ, ಅದು ತಾನಾಗಿಯೇ ಬದಲಾಗುತ್ತದೆ. ಗೋಡೆಗೆ ಅಮೆರಿಕದ ಗಡಿಯಾರ ಅಂತ ಇನ್ನೊಂದು ಹಾಕಿದ್ದರೆ ಮಾತ್ರ ನವೆಂಬರ್‌ನಲ್ಲಿ ಕೈಯಾರೆ ಒಂದು ಗಂಟೆ ಹಿಂದಕ್ಕೆ ತಿರುಗಿಸಬೇಕು.