ನಾವೇ ಕಟ್ಟಿದ ಭಾಷೆಗೆ ಹೊರಗಿನ ಹೆಸರು ಸೇರಿಸೋದು ಹೇಗೆ? ಅನುಭವ ಹೇಳಿ

ಹೊಸಬ: ನಾನು ಕಟ್ಟುತ್ತಿರುವ ಭಾಷೆಯಲ್ಲಿ ಎಷ್ಟು ಬೇಗ ಮಾತಾಡಿದರೂ ಪದ ಎಲ್ಲಿ ಮುಗಿಯಿತು ಅಂತ ಗೊತ್ತಾಗಬೇಕು. ನನ್ನ ಪದಗಳೆಲ್ಲ ಸ್ವರದಲ್ಲೇ ಮುಗಿಯುತ್ತವೆ. ಲಲಿತಾ, ರಾಬರ್ಟ್ ಥರದ ಹೆಸರು ಬಂದರೆ ಏನು ಮಾಡಲಿ?

ಬಾಲಬಡುಕ: ನಾನು ಲೋಜ್‌ಬಾನ್ ದಾರಿ ಹಿಡಿದೆ. ಅದೂ ತರ್ಕದ ಮೇಲೆ ಕಟ್ಟಿದ ಭಾಷೆ. ಹೆಸರು ವ್ಯಂಜನದಲ್ಲಿ ಮುಗಿಯಬೇಕು, ಆಮೇಲೆ ಒಂದು ನಿಲುಗಡೆ. ಸ್ವರದಲ್ಲಿ ಮುಗಿಯೋ ಹೆಸರಿಗೆಲ್ಲ ಬಾಲಕ್ಕೊಂದು 'ಸ್' ಅಂಟಿಸಿದೆ. ಲಲಿತಾ 'ಲಲಿತಸ್' ಆದಳು. ಆದರೆ ಇದು ಹೆಸರು ಅಂತ ತೋರಿಸೋಕೆ ಅದರ ಮುಂದೆ ಬರೋ ಪದವೂ 'ಲ'ನೇ! 'ಲ ಲಲಿತಸ್' ಅಂದರೆ ಲಲಿತಸ್ಸೋ, ಇನ್ನೊಂದು 'ಲ' ಹಾಕಿಕೊಂಡ ಲಿತಸ್ಸೋ? ಲೋಜ್‌ಬಾನಿನ 1997ರ ವ್ಯಾಕರಣ ಇಂಥ ಹೆಸರು ಬೇಡ ಅಂತಲೇ ಹೇಳಿತ್ತು. ನಾನು ಓದಿದ್ದು 312 ಹೆಸರು ಬರೆದ ಮೇಲೆ. ಅದರಲ್ಲಿ 41 ಕೆಟ್ಟಿದ್ದವು. ಮೂರು ವಾರ ರಾತ್ರಿ ಕೂತು ತಿದ್ದಿದೆ. ಕೊನೆಗೆ ಹೆಸರಿನ ಹಿಂದೆ ಮುಂದೆ ಎರಡೂ ಕಡೆ ನಿಲುಗಡೆ ಕಡ್ಡಾಯ ಮಾಡಿದೆ. ಅವತ್ತೇ ಮಾಡಿದ್ದರೆ ಆ ಮೂರು ವಾರ ಉಳೀತಿತ್ತು.

ಗೋಡೆಗಾರ: ನಿಲುಗಡೆ ನಂಬಿ ಕೂರೋದೇ ತಪ್ಪು. ಬೇಗ ಮಾತಾಡುವಾಗ ಯಾರು ಎರಡು ಸಲ ನಿಲ್ಲುತ್ತಾರೆ? ನಾನು ಲೋಜ್‌ಬಾನಿನಲ್ಲಿ ಹೊರಗಿನ ಹೆಸರನ್ನು ಸುತ್ತುವರಿಯೋ 'ಲಹೊ' ಥರದ ಗೋಡೆ ಹಾಕಿದೆ. ಒಂದು ಗುರುತು ಪದ, ಹೆಸರು ಇದ್ದ ಹಾಗೇ, ಮತ್ತೆ ಅದೇ ಗುರುತು. ರಾಬರ್ಟ್ ರಾಬರ್ಟ್ ಆಗೇ ಇದ್ದ. ಆದರೆ ಹೆಸರೊಂದಕ್ಕೆ ನಾಲ್ಕು ಅಕ್ಷರ ಜಾಸ್ತಿ. ನನ್ನ ನಾಟಕದ ಒಂದು ಪುಟದಲ್ಲಿ 26 ಸಲ ರಾಬರ್ಟ್, ಅಂದರೆ 104 ಅಕ್ಷರ ಬರೀ ಗೋಡೆ. ಓದಿದ ಗೆಳೆಯ ನಕ್ಕುಬಿಟ್ಟ. ನಗಲಿ ಬಿಡಿ. ಯಾರ ಹೆಸರಿಗೂ ನಾನು ಬಾಲ ಕಟ್ಟಿಲ್ಲ.

ಬಾಲಬಡುಕ: ಬಾಲ ಬೇಡ, ಕಾಂಪೌಂಡ್ ಗೋಡೆ ಬೇಕು! ಮಾತಾಡೋ ಭಾಷೆಯಾ ಅದು, ಜೈಲಾ?

ಸೋತ ಪಾರ್ಸರ್: ಹೆಸರು ಬಿಡಿ, ಎರವಲು ಪದ ತಂದು ನೋಡಿ. ಲೋಜ್‌ಬಾನಿನಲ್ಲಿ 'ಸ್ಲಿಂಕುಹಿ' ಒಂಟಿಯಾಗಿದ್ದಾಗ ಸರಿಯಾದ ಎರವಲು ಪದದ ಹಾಗೇ ಕಾಣುತ್ತೆ, ಆದರೆ ಅಲ್ಲ. ಮುಂದೆ 'ಪ' ಬಂತೋ, 'ಪಸ್ಲಿಂಕುಹಿ' ಅನ್ನೋ ಸಮಾಸಪದ ಹುಟ್ಟಿ ಕೂರುತ್ತೆ. ಹೀಗೆ ಮುಂದಿನ ಪದಕ್ಕೆ ಅಂಟಿ ಬೇರೆ ಪದ ಆಗುತ್ತಾ ಅಂತ ನೋಡೋ ಪರೀಕ್ಷೆಗೆ 'ಸ್ಲಿಂಕುಹಿ' ಅಂತಲೇ ಹೆಸರು. ನನ್ನ 9 ಪದ ಇದರಲ್ಲೇ ಫೇಲಾದವು. ಒಂಬತ್ತನೆಯದು ನನ್ನ ಭಾಷೆಯ ಹೆಸರೇ! ಅದಕ್ಕೇ ಈಗ ಎರವಲಿನ ಮುಂದೆ ಅದು ಯಾವ ಬಗೆಯದು ಅಂತ ಹೇಳೋ ತುಣುಕು ಹಾಕ್ತೀನಿ. ಸ್ಪಗೆಟಿ ಅಂದರೆ 'ತಿನ್ನೋ-ರ್-ಸ್ಪಗೆಟಿ'.

ಗೋಡೆಗಾರ: ಲೋಜ್‌ಬಾನಿಗೆ ಮೂಲವಾದ ಲಾಗ್ಲನ್ ಭಾಷೆ ನೋಡಿ ಕಲೀರಿ, ಅದು ಶುರುವಾಗಿದ್ದೇ 1955ರಲ್ಲಿ.

ಬಾಲಬಡುಕ: ಲಾಗ್ಲನ್‌ನಲ್ಲೂ ಹೆಸರು ವ್ಯಂಜನದಲ್ಲೇ ಮುಗಿಯೋದು ಸ್ವಾಮಿ. ಸುಮ್ನೆ ಇಸವಿ ಎಸೀಬೇಡಿ.

ಹೊಸಬ: ನನ್ನ ರಾಬರ್ಟ್ ಆಗಲೇ ವ್ಯಂಜನದಲ್ಲಿ ಮುಗಿಯುತ್ತಾನೆ. ಅವನನ್ನು ಹಾಗೇ ಬಿಡಬಹುದು ಅಲ್ವಾ?

ಸೋತ ಪಾರ್ಸರ್: ಮೊದಲು ಆ ಇಬ್ಬರ ಜಗಳ ಮುಗೀಲಿ. 'ಜೈಲು' ಅಂದಿದ್ದು ನನಗೂ ತಾಗಿದೆ.